‘ಚೆಕ್’ ಅನ್ನುವ ಪದದೊಳಗೆ ಕೂತಿರುವ ರಾಜ

2025ರ ಅಕ್ಟೋಬರ್ 4ರಿಂದ ಬ್ಯಾಂಕುಗಳಲ್ಲಿ ಚೆಕ್ ಪಾಸಾಗುವ ರೀತಿ ಬದಲಾಗಿದೆ. ಮುಂಚೆ ಚೆಕ್ ಹಾಕಿ ಒಂದೆರಡು ದಿನ ಕಾಯಬೇಕಿತ್ತು. ರಿಸರ್ವ್ ಬ್ಯಾಂಕಿನ ಹೊಸ ಕ್ರಮದಲ್ಲಿ ಹಗಲಿನ ನಿಗದಿತ ಹೊತ್ತಿನೊಳಗೆ ಬಂದ ಚೆಕ್ಕುಗಳನ್ನು ಬ್ಯಾಂಕು ಸ್ಕ್ಯಾನ್ ಮಾಡಿ ಆಗಾಗಲೇ ಕಳಿಸುತ್ತಾ ಹೋಗುತ್ತದೆ, ದುಡ್ಡು ಕೊಡಬೇಕಾದ ಬ್ಯಾಂಕು ಅದೇ ದಿನ ಸಂಜೆ 7ರೊಳಗೆ ಪಾಸೋ ಇಲ್ಲವೋ ಹೇಳಬೇಕು. ಅಂದರೆ ಚೆಕ್ ಕೊಟ್ಟ ದಿನವೇ ಖಾತೆಯಲ್ಲಿ ದುಡ್ಡಿರಬೇಕು. ನಾಳೆ ಹಾಕಿದರಾಯಿತು ಅನ್ನುವ ಹಾಗಿಲ್ಲ. ಹಾಗಾಗಿ ಈಗ ಎಲ್ಲರೂ ಹೇಳುವ ಮಾತು ಒಂದೇ: ಚೆಕ್ ಕೊಡುವ ಮುಂಚೆ ಬ್ಯಾಲೆನ್ಸ್ ಚೆಕ್ ಮಾಡಿಕೊಳ್ಳಿ.

ಈ ಸಣ್ಣ ಮಾತಿನಲ್ಲೇ ಎರಡು ‘ಚೆಕ್’ ಇದೆ ನೋಡಿ. ಒಂದು ಹಾಳೆ, ಇನ್ನೊಂದು ಕೆಲಸ. ಅಷ್ಟಕ್ಕೇ ಮುಗಿಯುವುದಿಲ್ಲ. ಚೆಕ್ಸ್ ಶರ್ಟು ಹಾಕಿಕೊಳ್ಳುತ್ತೇವೆ, ಊರ ಹಳ್ಳಕ್ಕೆ ಚೆಕ್ ಡ್ಯಾಂ ಕಟ್ಟುತ್ತೇವೆ, ಚೆಕ್‌ಪೋಸ್ಟಿನಲ್ಲಿ ಗಾಡಿ ನಿಲ್ಲಿಸುತ್ತೇವೆ, ಹೋಟೆಲಿನಲ್ಲಿ ಚೆಕ್ ಇನ್ ಆಗುತ್ತೇವೆ, ಚೆಸ್ ಆಡುವಾಗ ಚೆಕ್ ಕೊಡುತ್ತೇವೆ. ಹಾಳೆಗೂ ಶರ್ಟಿಗೂ ಡ್ಯಾಮಿಗೂ ಏನು ಸಂಬಂಧ? ಇವೆಲ್ಲ ಬೇರೆ ಬೇರೆ ಪದಗಳಾ, ಅಥವಾ ಒಂದೇನಾ?

ಒಂದೇ. ಎಲ್ಲವೂ ಒಂದೇ ಪದದ ಮಕ್ಕಳು, ಮೊಮ್ಮಕ್ಕಳು. ಆ ಮೂಲ ಪದದ ಅರ್ಥ ‘ರಾಜ’. ಆ ರಾಜ ಬ್ಯಾಂಕಿಗೆ ಬಂದು ಸೇರಿದ್ದು ಹೇಗೆ ಅನ್ನುವುದು ಸಾವಿರ ವರ್ಷಕ್ಕೂ ಜಾಸ್ತಿ ಉದ್ದದ ಕಥೆ.

ಮೊದಲು ಒಂದು ಸಣ್ಣ ತಿಳುವಳಿಕೆ

ಒಂದೇ ಥರ ಕೇಳಿಸುವ ಪದಕ್ಕೆ ಹಲವು ಅರ್ಥ ಇದ್ದರೆ ಅದಕ್ಕೆ ಎರಡು ಕಾರಣ ಇರಬಹುದು. ಕೆಲವು ಸಲ ಎರಡು ಬೇರೆ ಪದಗಳು ಕಾಲ ಕಳೆದಂತೆ ಒಂದೇ ರೂಪಕ್ಕೆ ಬಂದು ನಿಂತಿರುತ್ತವೆ. ಕನ್ನಡದಲ್ಲಿ ‘ಅರಸು’ ಅಂದರೆ ದೊರೆ, ‘ಅರಸು’ ಅಂದರೆ ಹುಡುಕು. ಇವೆರಡಕ್ಕೂ ನೆಂಟಸ್ತನ ಇಲ್ಲ. ಇಂಗ್ಲಿಷಿನ ‘ಬ್ಯಾಟ್’ ಕೂಡ ಹಾಗೇ. ಬಾವಲಿಯ ಬ್ಯಾಟಿನ ಬೇರು ಬೇರೆ, ಕ್ರಿಕೆಟ್ಟಿನ ಬ್ಯಾಟಿನ ಬೇರು ಬೇರೆ.

ಇನ್ನು ಕೆಲವು ಸಲ ಪದ ಒಂದೇ, ಆದರೆ ಅರ್ಥ ಹರಡಿಕೊಂಡಿರುತ್ತದೆ. ‘ತಲೆ’ ನೋಡಿ. ತಲೆ ನೋವು, ತಲೆಗೆ ನೂರು ರೂಪಾಯಿ, ಏಳು ತಲೆಮಾರು. ಮೂರೂ ಕಡೆ ಅದೇ ತಲೆ, ಆದರೆ ಒಂದು ಕಡೆ ಅಂಗ, ಒಂದು ಕಡೆ ಮನುಷ್ಯ, ಇನ್ನೊಂದು ಕಡೆ ಪೀಳಿಗೆ. ‘ಚೆಕ್’ ಈ ಎರಡನೇ ಗುಂಪಿಗೆ ಸೇರಿದ್ದು. ಇಂಗ್ಲಿಷಿನಲ್ಲಿ ಅದನ್ನು ಎರಡು ರೀತಿ ಬರೆಯುವುದರಿಂದ ಎರಡು ಪದ ಅನ್ನಿಸುತ್ತದೆ, ಅಷ್ಟೇ.

ಶಾಹ್ ಅಂದರೆ ರಾಜ

ಚದುರಂಗ ಹುಟ್ಟಿದ್ದು ನಮ್ಮ ದೇಶದಲ್ಲಿ. ಸಂಸ್ಕೃತದ ‘ಚತುರಂಗ’ ಅಂದರೆ ನಾಲ್ಕು ಅಂಗ ಇರುವ ಸೇನೆ: ಆನೆ, ಕುದುರೆ, ರಥ, ಕಾಲಾಳು. 7ನೇ ಶತಮಾನದಲ್ಲಿ ಬಾಣಭಟ್ಟ ಹರ್ಷಚರಿತೆಯಲ್ಲಿ ಈ ಆಟವನ್ನು ನೆನೆಯುತ್ತಾನೆ. ಹರ್ಷನ ರಾಜ್ಯದಲ್ಲಿ ಚತುರಂಗ ಇರುವುದು ಆಟದ ಹಲಗೆಯ ಮೇಲೆ ಮಾತ್ರ, ಯುದ್ಧ ಇಲ್ಲ ಅನ್ನುವ ಅರ್ಥದ ಮಾತು ಅದು.

ಇಲ್ಲಿಂದ ಆಟ ಪರ್ಷಿಯಾಕ್ಕೆ ಹೋಯಿತು, ಅಂದರೆ ಇವತ್ತಿನ ಇರಾನಿನ ಕಡೆಗೆ. ಅಲ್ಲಿ ಅದು ‘ಚತ್ರಂಗ್’ ಆಯಿತು. ಪರ್ಷಿಯಾವನ್ನು ಅರಬರು ಗೆದ್ದ ಮೇಲೆ ಅವರ ಬಾಯಲ್ಲಿ ‘ಶತ್ರಂಜ್’ ಆಯಿತು. ಆಮೇಲೆ ಸ್ಪೇನ್, ಸಿಸಿಲಿ ದಾರಿಯಾಗಿ ಯುರೋಪಿಗೆ ಹೊಕ್ಕಿತು.

ಪರ್ಷಿಯನ್ ಭಾಷೆಯಲ್ಲಿ ರಾಜನಿಗೆ ‘ಶಾಹ್’ ಅನ್ನುತ್ತಾರೆ. ಈ ಪದ ಕನ್ನಡಿಗರಿಗೆ ಹೊಸದೇನಲ್ಲ. ವಿಜಯಪುರವನ್ನು ಆಳಿದ ಆದಿಲ್‌ಶಾಹಿಗಳ ಹೆಸರಿನಲ್ಲಿ ಇರುವುದು ಇದೇ ಶಾಹ್. ಗೋಲಗುಮ್ಮಟದ ಕೆಳಗೆ ಮಲಗಿರುವ ಮಹಮ್ಮದ್ ಆದಿಲ್ ಶಾಹನ ಹೆಸರಿನ ಕೊನೆಗೂ, ನೀವು ಬ್ಯಾಂಕಿಗೆ ಹಾಕುವ ಚೆಕ್ಕಿಗೂ ಮೂಲ ಒಂದೇ.

ಇನ್ನೂ ಹಿಂದಕ್ಕೆ ಹೋಗಬಹುದು. ಕ್ರಿಸ್ತಪೂರ್ವ 500ರ ಆಸುಪಾಸಿನಲ್ಲಿ ಪರ್ಷಿಯಾದ ದೊರೆ ಡೇರಿಯಸ್ ಬೆಹಿಸ್ತೂನ್ ಬೆಟ್ಟದ ಬಂಡೆಯ ಮೇಲೆ ದೊಡ್ಡದೊಂದು ಶಾಸನ ಕೆತ್ತಿಸಿದ. ಅದರಲ್ಲಿ ತನ್ನನ್ನು ‘ಕ್ಷಾಯಥಿಯ’ ಅಂತ ಕರೆದುಕೊಳ್ಳುತ್ತಾನೆ, ಅಂದರೆ ಆಳುವವನು. ಬಾಯಿಂದ ಬಾಯಿಗೆ ಸವೆಯುತ್ತಾ ಸವೆಯುತ್ತಾ ಆ ಉದ್ದದ ಪದವೇ ಶಾಹ್ ಆಗಿದ್ದು. ಸಂಸ್ಕೃತದ ‘ಕ್ಷತ್ರ’, ‘ಕ್ಷತ್ರಿಯ’ ಪದಗಳೂ ಆಳುವುದು ಅನ್ನುವ ಅದೇ ಹಳೆಯ ಬೇರಿನಿಂದ ಬಂದವು. ಅಂದರೆ ಚೆಕ್ ಮತ್ತು ಕ್ಷತ್ರಿಯ ದೂರದ ದಾಯಾದಿಗಳು. ನನಗಂತೂ ಇಡೀ ಕಥೆಯಲ್ಲಿ ಅತಿ ಖುಷಿ ಕೊಡುವ ಸಂಗತಿ ಇದೇ.

ರಾಜ, ಹುಷಾರು!

ಚದುರಂಗದಲ್ಲಿ ಎದುರಾಳಿಯ ರಾಜನ ಮೇಲೆ ನೇರ ದಾಳಿ ಬಂದಾಗ ಆಟಗಾರರು ‘ಶಾಹ್!’ ಅಂತ ಕೂಗುತ್ತಿದ್ದರು. ರಾಜ ಅಪಾಯದಲ್ಲಿದ್ದಾನೆ, ನೋಡಿಕೋ ಅನ್ನುವ ಎಚ್ಚರಿಕೆ ಅದು. ಈ ಕೂಗೇ ಲ್ಯಾಟಿನ್ನಿನಲ್ಲಿ ‘ಸ್ಕಾಕುಸ್’ ಆಯಿತು, ಹಳೆಯ ಫ್ರೆಂಚಿನಲ್ಲಿ ‘ಎಶೆಕ್’ ಆಯಿತು. ಎಶೆಕ್ ಇಂಗ್ಲಿಷಿಗೆ ಬಂದು ‘ಚೆಕ್’ ಆಯಿತು. ಎಶೆಕ್‌ನ ಬಹುವಚನ ‘ಎಶೆಸ್’. ಅದೇ ಇಂಗ್ಲಿಷಿನಲ್ಲಿ ‘ಚೆಸ್’. ಹಾಗೆ ನೋಡಿದರೆ ಚೆಸ್ ಅಂದರೆ ‘ಚೆಕ್ಕುಗಳು’, ಅಂದರೆ ‘ರಾಜರು’.

ಆಟ ಮುಗಿಯುವಾಗ ಹೇಳುವ ಮಾತು ‘ಚೆಕ್‌ಮೇಟ್’. ಇದು ಪರ್ಷಿಯನ್ನಿನ ‘ಶಾಹ್ ಮಾತ್’. ಇದಕ್ಕೆ ‘ರಾಜ ಸತ್ತ’ ಅಂತ ಅರ್ಥ ಹೇಳುವುದು ರೂಢಿ, ಯಾಕೆಂದರೆ ಅರಬ್ಬಿಯಲ್ಲಿ ‘ಮಾತ’ ಅಂದರೆ ಸತ್ತ. ಆದರೆ ಪರ್ಷಿಯನ್ನಿನಲ್ಲಿ ‘ಮಾತ್’ ಅಂದರೆ ದಿಕ್ಕು ತೋಚದೆ ನಿಂತವನು, ಕೈಸೋತವನು. ಆಟಕ್ಕೆ ಹೊಂದುವುದು ಈ ಅರ್ಥವೇ. ಚದುರಂಗದಲ್ಲಿ ಆನೆ, ಕುದುರೆ, ಮಂತ್ರಿ ಎಲ್ಲರನ್ನೂ ಹೊಡೆದು ಮಣೆಯಿಂದ ಆಚೆ ಇಡುತ್ತೇವೆ. ರಾಜನನ್ನು ಮಾತ್ರ ಯಾರೂ ಹೊಡೆಯುವುದಿಲ್ಲ. ಎಲ್ಲಿಗೂ ಹೋಗಲಾಗದೆ ನಿಂತಲ್ಲೇ ನಿಂತಾಗ ಆಟ ಮುಗಿಯುತ್ತದೆ.

2024ರ ಡಿಸೆಂಬರಿನಲ್ಲಿ ಸಿಂಗಾಪುರದಲ್ಲಿ ಗುಕೇಶ್ ವಿಶ್ವ ಚಾಂಪಿಯನ್ ಆದ ಮೇಲೆ ಆನ್‌ಲೈನಿನಲ್ಲಿ ಚೆಸ್ ನೋಡುವವರು ಇದನ್ನು ಗಮನಿಸಿರಬಹುದು: ದೊಡ್ಡ ಪಂದ್ಯಗಳಲ್ಲಿ ಆಟಗಾರರು ‘ಚೆಕ್’ ಅಂತ ಬಾಯಿಬಿಟ್ಟು ಹೇಳುವುದಿಲ್ಲ. ನಿಯಮದ ಪ್ರಕಾರ ಹೇಳಲೇಬೇಕು ಅಂತ ಇಲ್ಲ. ಕೂಗಾಗಿ ಹುಟ್ಟಿದ ಪದ ಅದರ ತವರಿನಲ್ಲೇ ಈಗ ಮೌನವಾಗಿದೆ, ಹೊರಗಡೆ ಎಲ್ಲೆಲ್ಲೂ ಮಾತಾಡುತ್ತಿದೆ.

ದಾಳಿಯಿಂದ ತಡೆಗೆ

ಇಲ್ಲಿಂದ ಅರ್ಥ ಹರಡಲು ಶುರು. ರಾಜನಿಗೆ ಚೆಕ್ ಬಿದ್ದರೆ ಏನಾಗುತ್ತದೆ? ಆಟಗಾರ ಅಂದುಕೊಂಡಿದ್ದ ನಡೆಯನ್ನೆಲ್ಲ ಬದಿಗಿಡಬೇಕು. ಮೊದಲು ಈ ದಾಳಿಗೆ ಉತ್ತರ ಕೊಡಬೇಕು. ಅಂದರೆ ಅವನ ಓಟಕ್ಕೆ ತಡೆ ಬಿತ್ತು. ಹೀಗೆ ಚದುರಂಗದ ಆಚೆಗೂ, ಏನನ್ನಾದರೂ ತಡೆದರೆ ಅದು ‘ಚೆಕ್’ ಅಂತ ಇಂಗ್ಲಿಷಿನವರು ಹೇಳತೊಡಗಿದರು. ಕುದುರೆಯನ್ನು ಲಗಾಮು ಎಳೆದು ನಿಲ್ಲಿಸುವುದು ಚೆಕ್, ಸಿಟ್ಟನ್ನು ಹತೋಟಿಯಲ್ಲಿ ಇಟ್ಟುಕೊಳ್ಳುವುದು ಚೆಕ್, ಶತ್ರು ಸೇನೆಯ ಮುನ್ನಡೆಗೆ ಅಡ್ಡ ನಿಲ್ಲುವುದು ಚೆಕ್.

ನಮ್ಮ ಹಳ್ಳಿಗಳ ಚೆಕ್ ಡ್ಯಾಂ ಬಂದಿದ್ದು ಇದೇ ಅರ್ಥದಿಂದ. ಅಲ್ಲಿ ಯಾರೂ ಏನನ್ನೂ ಪರೀಕ್ಷೆ ಮಾಡುವುದಿಲ್ಲ. ಮಳೆ ಬಂದಾಗ ಹಳ್ಳದಲ್ಲಿ ರಭಸವಾಗಿ ಹರಿದುಹೋಗುವ ನೀರಿಗೆ ಅಡ್ಡ ಒಂದು ಗಿಡ್ಡ ಗೋಡೆ ಕಟ್ಟುತ್ತಾರೆ. ಅದು ದೊಡ್ಡ ಅಣೆಕಟ್ಟಿನ ಹಾಗೆ ನೀರನ್ನು ಪೂರ್ತಿ ಹಿಡಿದಿಡುವುದಿಲ್ಲ, ಓಟಕ್ಕೆ ಕಡಿವಾಣ ಹಾಕುತ್ತದೆ. ನೀರು ನಿಧಾನವಾದರೆ ಹೊತ್ತು ತಂದ ಮಣ್ಣು ಅಲ್ಲೇ ತಂಗುತ್ತದೆ, ನೀರು ನೆಲಕ್ಕೆ ಇಂಗುತ್ತದೆ, ಸುತ್ತಲಿನ ಬಾವಿ, ಬೋರ್‌ವೆಲ್ಲುಗಳಿಗೆ ಸ್ವಲ್ಪ ಜೀವ ಬರುತ್ತದೆ. ಉಕ್ಕಿದ ನೀರು ಗೋಡೆಯ ಮೇಲಿಂದ ಮುಂದಕ್ಕೆ ಹೋಗುತ್ತದೆ. ಬಯಲುಸೀಮೆಯ ಎಷ್ಟೋ ಊರುಗಳಲ್ಲಿ ಇಂಗ್ಲಿಷ್ ಬಾರದವರೂ ಸಲೀಸಾಗಿ ಹೇಳುವ ಪದ ಇದು. ಕನ್ನಡದಲ್ಲಿ ಕೆಲವರು ‘ತಡೆ ಅಣೆ’ ಅಂತಲೂ ಬರೆಯುತ್ತಾರೆ, ಅದು ಸರಿಯಾದ ಹೆಸರು.

ರಾಜಕೀಯದಲ್ಲೂ ಈ ಚೆಕ್ ಇದೆ. ಸಂಸತ್ತು, ಸರ್ಕಾರ, ನ್ಯಾಯಾಲಯ ಒಂದರ ಮೇಲೊಂದು ಹಿಡಿತ ಇಟ್ಟಿರಬೇಕು ಅನ್ನುವುದಕ್ಕೆ ‘ಚೆಕ್ಸ್ ಅಂಡ್ ಬ್ಯಾಲೆನ್ಸಸ್’ ಅನ್ನುತ್ತಾರೆ. ಅಮೆರಿಕದ ಸಂವಿಧಾನ ಒಪ್ಪಿಗೆಗೆ ಬಂದಾಗ, 1788ರಲ್ಲಿ, ಜೇಮ್ಸ್ ಮ್ಯಾಡಿಸನ್ ಈ ವಿಚಾರವನ್ನು ಬಿಡಿಸಿ ಬರೆದಿದ್ದರು. ಇಲ್ಲೂ ಚೆಕ್ ಅಂದರೆ ತಡೆ, ಪರಿಶೀಲನೆ ಅಲ್ಲ.

ತಡೆಯಿಂದ ನೋಡುವುದಕ್ಕೆ

ಇವತ್ತು ನಾವು ಜಾಸ್ತಿ ಬಳಸುವ ಅರ್ಥ ‘ಸರಿ ಇದೆಯಾ ಅಂತ ನೋಡು’. ತಡೆ ಹೋಗಿ ನೋಡುವುದು ಹೇಗಾಯಿತು? ಹತೋಟಿ ಅನ್ನುವ ಕೊಂಡಿ ನಡುವೆ ಇದೆ. ತಪ್ಪು ನಡೆಯದಂತೆ, ಮೋಸ ಆಗದಂತೆ ತಡೆಯಬೇಕು ಅಂದರೆ ಮೊದಲು ಲೆಕ್ಕ ನೋಡಬೇಕು, ಒಂದಕ್ಕೊಂದು ತಾಳೆ ಹಾಕಬೇಕು. ಹೀಗೆ 17ನೇ ಶತಮಾನದ ಹೊತ್ತಿಗೆ ಮೋಸ ತಡೆಯುವುದಕ್ಕಾಗಿ ಮಾಡುವ ಪರಿಶೀಲನೆಯೇ ‘ಚೆಕ್’ ಆಯಿತು. ಕಾಲ ಕಳೆದಂತೆ ತಡೆಯುವ ಮಾತು ಮರೆಯಾಗಿ ನೋಡುವ ಮಾತಷ್ಟೇ ಉಳಿಯಿತು.

ಈ ಎರಡೂ ಅರ್ಥಗಳನ್ನು ಒಟ್ಟಿಗೆ ನೋಡಬೇಕು ಅಂದರೆ ಚೆಕ್‌ಪೋಸ್ಟಿಗೆ ಹೋಗಬೇಕು. ಬಂಡೀಪುರ ಕಾಡಿನ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಾಮಾನ್ಯ ವಾಹನಗಳನ್ನು ಬಿಡುವುದಿಲ್ಲ. 2009ರಿಂದ ಈ ನಿರ್ಬಂಧ ಇದೆ. ಆ ಹೊತ್ತಿನಲ್ಲಿ ಚೆಕ್‌ಪೋಸ್ಟಿನ ಕೆಲಸ ತಡೆಯುವುದು. ಹಗಲು ಹೊತ್ತಿನಲ್ಲಿ ಅದರ ಕೆಲಸ ನೋಡುವುದು. ಹೀಗೆ ಒಂದೇ ಗೇಟಿನಲ್ಲಿ ಹಳೆ ಅರ್ಥ ಒಂದು ಹೊತ್ತು, ಹೊಸ ಅರ್ಥ ಒಂದು ಹೊತ್ತು. ಜಿಎಸ್‌ಟಿಗೆ ಮುಂಚೆ ರಾಜ್ಯದ ಗಡಿಗಳಲ್ಲಿ ಇದ್ದ ವಾಣಿಜ್ಯ ತೆರಿಗೆ ಚೆಕ್‌ಪೋಸ್ಟುಗಳಲ್ಲೂ ಹಾಗೇ ಇತ್ತು. ಲಾರಿಗಳು ಸಾಲುಗಟ್ಟಿ ನಿಲ್ಲಬೇಕಿತ್ತು, ಕಾಗದಪತ್ರ ತೋರಿಸಬೇಕಿತ್ತು. 2017ರ ಜುಲೈಯಲ್ಲಿ ಜಿಎಸ್‌ಟಿ ಬಂದ ಮೇಲೆ ಅವನ್ನು ತೆಗೆದರು.

ಪರಿಶೀಲನೆ ಅನ್ನುವ ಅರ್ಥ ಬಂದ ಮೇಲೆ ಅದರ ಸುತ್ತ ಇರುವ ವಸ್ತುಗಳಿಗೂ ಹೆಸರು ಅಂಟಿಕೊಂಡಿತು. ನೋಡಿದ್ದಾಯಿತು ಅಂತ ಹಾಕುವ ಗುರುತು, ನಾವು ‘ಟಿಕ್’ ಅನ್ನುವುದು, ಅಮೆರಿಕದಲ್ಲಿ ‘ಚೆಕ್ ಮಾರ್ಕ್’. ಸಾಮಾನು ಕೊಟ್ಟಾಗ ತಾಳೆ ನೋಡಲು ಕೊಡುವ ಬಿಲ್ಲೆಯೂ ಚೆಕ್. 19ನೇ ಶತಮಾನದಲ್ಲಿ ಅಮೆರಿಕದ ರೈಲುಗಳಲ್ಲಿ ಪ್ರಯಾಣಿಕರ ಪೆಟ್ಟಿಗೆಗೆ ಒಂದು ಹಿತ್ತಾಳೆ ಬಿಲ್ಲೆ ಕಟ್ಟಿ, ಅದೇ ನಂಬರಿನ ಇನ್ನೊಂದನ್ನು ಪ್ರಯಾಣಿಕರ ಕೈಗೆ ಕೊಡುತ್ತಿದ್ದರು. ಈಗ ವಿಮಾನ ನಿಲ್ದಾಣದಲ್ಲಿ ಚೀಟಿ ಅಂಟಿಸಿ ಒಳಗೆ ಕಳಿಸುವ ಸೂಟ್‌ಕೇಸನ್ನು ಅವರು ‘ಚೆಕ್ಡ್’ ಬ್ಯಾಗೇಜ್ ಅನ್ನುವುದು ಅದರ ಮುಂದುವರಿಕೆ.

ಕಂಪ್ಯೂಟರ್ ಕಾಲದಲ್ಲಿ ಈ ಅರ್ಥಕ್ಕೆ ಹೊಸ ಕೆಲಸ ಸಿಕ್ಕಿದೆ, ಅದು ನಿಮ್ಮ ಆಧಾರ್ ಕಾರ್ಡಿನಲ್ಲೇ ಇದೆ. ಆಧಾರ್ ಸಂಖ್ಯೆಯಲ್ಲಿ 12 ಅಂಕಿ. ಕೊನೆಯ ಅಂಕಿ ಸುಮ್ನೆ ಕೊಟ್ಟಿದ್ದಲ್ಲ, ಮೊದಲ 11 ಅಂಕಿಗಳಿಂದ ಲೆಕ್ಕ ಹಾಕಿ ತೆಗೆದದ್ದು. ಇದಕ್ಕೆ ‘ಚೆಕ್ ಡಿಜಿಟ್’ ಅನ್ನುತ್ತಾರೆ. ಫಾರಂ ತುಂಬುವಾಗ ಒಂದು ಅಂಕಿ ತಪ್ಪಾದರೆ ಅಥವಾ ಪಕ್ಕಪಕ್ಕದ ಎರಡು ಅಂಕಿ ಅದಲುಬದಲಾದರೆ ಲೆಕ್ಕ ತಾಳೆ ಆಗುವುದಿಲ್ಲ, ಹಾಗಾಗಿ ಕಂಪ್ಯೂಟರಿಗೆ ತಕ್ಷಣ ಗೊತ್ತಾಗುತ್ತದೆ. ಈ ಲೆಕ್ಕದ ವಿಧಾನವನ್ನು ಕೊಟ್ಟವರು ನೆದರ್‌ಲೆಂಡ್ಸಿನ ಗಣಿತಜ್ಞ ವರ್ಹೋಫ್. ಪುಸ್ತಕಗಳ ಹಿಂದೆ ಇರುವ 13 ಅಂಕಿಯ ಐಎಸ್‌ಬಿಎನ್‌ಗೂ ಹೀಗೊಂದು ಕೊನೆಯ ಅಂಕಿ ಇದೆ, ಅದರ ಲೆಕ್ಕ ಸುಲಭ. ಮೊದಲ ಅಂಕಿಯನ್ನು 1ರಿಂದ, ಎರಡನೆಯದನ್ನು 3ರಿಂದ, ಮತ್ತೆ 1, ಮತ್ತೆ 3, ಹೀಗೆ ಗುಣಿಸುತ್ತಾ ಹೋಗಿ ಎಲ್ಲ ಕೂಡಿಸಿ. ಕೊನೆಯ ಅಂಕಿಯೂ ಸೇರಿ ಮೊತ್ತ 10ರಿಂದ ಭಾಗವಾಗಬೇಕು. ಮನೆಯಲ್ಲಿರುವ ಯಾವುದಾದರೂ ಹೊಸ ಪುಸ್ತಕ ತೆಗೆದು ನೋಡಿ, ಮಕ್ಕಳ ಹತ್ತಿರವೂ ಮಾಡಿಸಬಹುದು.

ಚೌಕಳಿ ಬಟ್ಟೆ, ಲೆಕ್ಕದ ಮೇಜು

ಇಲ್ಲಿವರೆಗೂ ಬಂದಿದ್ದು ರಾಜನ ಮೇಲಿನ ದಾಳಿಯ ದಾರಿ. ಇನ್ನೊಂದು ದಾರಿ ಆಟದ ಹಲಗೆಯಿಂದ ಶುರುವಾಗುತ್ತದೆ.

ಹಳೆಯ ಫ್ರೆಂಚಿನಲ್ಲಿ ಚದುರಂಗದ ಹಲಗೆಗೆ ‘ಎಶೆಕಿಯೆರ್’ ಅನ್ನುತ್ತಿದ್ದರು. ಇಂಗ್ಲಿಷಿನಲ್ಲಿ ಅದು ‘ಚೆಕರ್’ ಆಯಿತು, ಆಮೇಲೆ ಮೊಟಕಾಗಿ ‘ಚೆಕ್’ ಆಯಿತು. ಆ ಹಲಗೆಯಂತೆ ಚೌಕ ಚೌಕ ಇರುವ ಬಟ್ಟೆಯೇ ಚೆಕ್ಸ್. ನಿಮ್ಮ ಚೆಕ್ಸ್ ಶರ್ಟು, ಲುಂಗಿ, ಇಳಕಲ್ಲಿನ ಚೌಕಳಿ ಸೀರೆಯನ್ನು ಅಂಗಡಿಯವರು ‘ಚೆಕ್ಸ್’ ಅಂತ ತೋರಿಸುವುದು, ಎಲ್ಲಕ್ಕೂ ಮೂಲ ಚದುರಂಗದ ಮಣೆ. ಕಾರ್ ರೇಸಿನ ಕೊನೆಯಲ್ಲಿ ಬೀಸುವ ಕಪ್ಪು ಬಿಳುಪಿನ ಬಾವುಟವೂ ಅದೇ. ಏಳು ಬೀಳು ಎರಡನ್ನೂ ಕಂಡ ಬದುಕಿಗೆ ಇಂಗ್ಲಿಷಿನಲ್ಲಿ ‘ಚೆಕರ್ಡ್’ ಅನ್ನುವುದೂ ಆ ಕಪ್ಪು ಬಿಳುಪಿನಿಂದಲೇ.

ಈ ಚೌಕಳಿ ಬಟ್ಟೆ ಒಂದು ದೇಶದ ಖಜಾನೆಗೂ ಹೆಸರು ಕೊಟ್ಟಿದೆ. 12ನೇ ಶತಮಾನದ ಇಂಗ್ಲೆಂಡನ್ನು ನೆನೆಸಿಕೊಳ್ಳಿ. ರಾಜ ಒಂದನೇ ಹೆನ್ರಿಯ ಕಾಲ. ಊರೂರಿಂದ ಶೆರಿಫರು, ಅಂದರೆ ರಾಜನ ಪರವಾಗಿ ತೆರಿಗೆ ಎತ್ತುವ ಅಧಿಕಾರಿಗಳು, ವರ್ಷಕ್ಕೆ ಎರಡು ಸಲ ಬಂದು ಲೆಕ್ಕ ಒಪ್ಪಿಸಬೇಕು. ಆಗ ಅವರ ಬಳಿ ಇದ್ದದ್ದು ರೋಮನ್ ಅಂಕಿ. ಸೊನ್ನೆ ಇಲ್ಲ, ಸ್ಥಾನಬೆಲೆ ಇಲ್ಲ. ಅದರಲ್ಲಿ ಕೂಡುವುದು ಕಳೆಯುವುದು ದೊಡ್ಡ ತಲೆನೋವು. ಹಾಗಾಗಿ ಒಂದು ಮೇಜು ಮಾಡಿಸಿದರು. ಸುಮಾರು ಹತ್ತು ಅಡಿ ಉದ್ದ, ಐದು ಅಡಿ ಅಗಲ. ಬಿಲ್ಲೆಗಳು ಕೆಳಗೆ ಉರುಳಬಾರದು ಅಂತ ಸುತ್ತ ನಾಲ್ಕು ಬೆರಳು ಎತ್ತರದ ಅಂಚು. ಮೇಲೆ ಗೆರೆ ಎಳೆದ ಕಪ್ಪು ಬಟ್ಟೆ. ಖಜಾನೆಯ ಅಧಿಕಾರಿಯೇ ಆಗಿದ್ದ ರಿಚರ್ಡ್ ಫಿಟ್ಸ್‌ನೀಲ್ 1177ರ ಸುಮಾರಿಗೆ ಈ ಕಚೇರಿಯ ಬಗ್ಗೆ ಬರೆಯಲು ಕೂತು, ಮೇಜಿನ ಅಳತೆ ಸಮೇತ ವಿವರ ಕೊಟ್ಟಿದ್ದಾನೆ.

ಅದು ಕೆಲಸ ಮಾಡುತ್ತಿದ್ದ ರೀತಿ ನಮ್ಮ ಶಾಲೆಗಳಲ್ಲಿ ಬಿಡಿ, ಹತ್ತು, ನೂರು ಅಂತ ಸಾಲು ಮಾಡಿ ಮಣಿ ಜೋಡಿಸಿ ಲೆಕ್ಕ ಹೇಳಿಕೊಡುತ್ತಾರಲ್ಲ, ಹಾಗೆ. ಒಂದು ಸಾಲು ಪೆನ್ನಿಗೆ, ಒಂದು ಶಿಲ್ಲಿಂಗಿಗೆ, ಒಂದು ಪೌಂಡಿಗೆ, ಮುಂದಿನದು ಇಪ್ಪತ್ತು ಪೌಂಡಿಗೆ, ನೂರಕ್ಕೆ, ಸಾವಿರಕ್ಕೆ. ಶೆರಿಫ್ ಕೊಡಬೇಕಾದ್ದನ್ನು ಮೇಲೆ ಬಿಲ್ಲೆಗಳಲ್ಲಿ ಇಡುತ್ತಿದ್ದರು, ಕೊಟ್ಟದ್ದನ್ನು ಕೆಳಗೆ ಇಡುತ್ತಿದ್ದರು, ಆಮೇಲೆ ಕಳೆಯುತ್ತಿದ್ದರು. ಓದು ಬರಹ ಬಾರದ ಶೆರಿಫನಿಗೂ ತಾನು ಎಷ್ಟು ಬಾಕಿ ಅಂತ ಕಣ್ಣೆದುರೇ ಕಾಣುತ್ತಿತ್ತು. ಮೇಜಿನ ಎರಡು ಕಡೆ ಎದುರುಬದುರು ಕೂತು ಬಿಲ್ಲೆ ಸರಿಸುವ ಆ ನೋಟ ಚದುರಂಗದ ಆಟದಂತೆಯೇ ಇತ್ತು. ಹಾಗಾಗಿ ಮೇಜಿಗೆ ‘ಎಶೆಕಿಯೆರ್’ ಅನ್ನುವ ಹೆಸರು ಬಂತು. ಮೇಜಿನ ಹೆಸರು ಕಚೇರಿಗೆ ಬಂತು. ಕಚೇರಿಯ ಹೆಸರು ಇಡೀ ಖಜಾನೆಗೆ ಬಂತು.

ಇಂಗ್ಲಿಷಿನಲ್ಲಿ ಅದೇ ‘ಎಕ್ಸ್‌ಚೆಕರ್’. ಈ ‘ಎಕ್ಸ್’ ನಡುವೆ ತಪ್ಪಿನಿಂದ ನುಸುಳಿದ್ದು. ಪದದ ಮೊದಲಿನ ‘ಎಸ್’ ಸದ್ದನ್ನು ಲ್ಯಾಟಿನ್ನಿನ ‘ಎಕ್ಸ್’ ಇರಬೇಕು ಅಂದುಕೊಂಡು ಹಾಗೆ ಬರೆದರು, ಅದೇ ಉಳಿಯಿತು. ಬ್ರಿಟನ್ನಿನ ಹಣಕಾಸು ಸಚಿವರ ಹುದ್ದೆಗೆ ಇವತ್ತಿಗೂ ‘ಚಾನ್ಸಲರ್ ಆಫ್ ದಿ ಎಕ್ಸ್‌ಚೆಕರ್’ ಅಂತಲೇ ಹೆಸರು. ನಮ್ಮ ಇಂಗ್ಲಿಷ್ ಪತ್ರಿಕೆಗಳು ಹಗರಣದ ಸುದ್ದಿಯಲ್ಲಿ ಎಕ್ಸ್‌ಚೆಕರಿಗೆ ಇಷ್ಟು ಕೋಟಿ ನಷ್ಟ ಅಂತ ಬರೆಯುತ್ತವೆ. ಕನ್ನಡ ಪತ್ರಿಕೆಗಳು ಅದನ್ನೇ ‘ಬೊಕ್ಕಸಕ್ಕೆ ನಷ್ಟ’ ಅನ್ನುತ್ತವೆ.

ಬ್ಯಾಂಕಿನ ಚೆಕ್ ಎಲ್ಲಿಂದ ಬಂತು

ಈಗ ಎರಡು ದಾರಿಗಳೂ ಬಂದು ಕೂಡುವ ಜಾಗಕ್ಕೆ ಬಂದೆವು.

ಚೆಕ್ ಅಂದರೆ ನೀವು ನಿಮ್ಮ ಬ್ಯಾಂಕಿಗೆ ಬರೆದು ಕೊಡುವ ಆದೇಶ: ನನ್ನ ಖಾತೆಯಿಂದ ಇಂಥವರಿಗೆ ಇಷ್ಟು ದುಡ್ಡು ಕೊಡಿ. ಇಂಥ ಕಾಗದ ಬಹಳ ಹಿಂದಿನಿಂದ ಇತ್ತು. ಲಂಡನ್ನಿನಲ್ಲಿ 1659ರ ತಾರೀಕು ಹೊತ್ತ, 400 ಪೌಂಡಿನ ಒಂದು ಕೈಬರಹದ ಕಾಗದ ಇನ್ನೂ ಉಳಿದಿದೆ. ಆದರೆ ಆಗ ಅದನ್ನು ಚೆಕ್ ಅಂತ ಕರೆಯುತ್ತಿರಲಿಲ್ಲ.

18ನೇ ಶತಮಾನದ ಶುರುವಿನಲ್ಲಿ ಚೆಕ್ ಅಂದರೆ ದುಡ್ಡಿನ ಕಾಗದ ಅಲ್ಲವೇ ಅಲ್ಲ. ಕಾಗದ ಹರಿದು ಕೊಟ್ಟ ಮೇಲೆ ಪುಸ್ತಕದಲ್ಲಿ ಉಳಿಯುವ ತುಂಡಿಗೆ, ನಾವು ‘ಕೌಂಟರ್‌ಫಾಯಿಲ್’ ಅನ್ನುತ್ತೇವಲ್ಲ, ಅದಕ್ಕೆ ಚೆಕ್ ಅನ್ನುತ್ತಿದ್ದರು. ಯಾರಾದರೂ ನಕಲಿ ಕಾಗದ ತಂದರೆ ಉಳಿದ ತುಂಡಿನ ಜೊತೆ ಇಟ್ಟು ತಾಳೆ ನೋಡಬಹುದಿತ್ತು. ಮೋಸಕ್ಕೆ ತಡೆ, ಲೆಕ್ಕಕ್ಕೆ ಪರಿಶೀಲನೆ, ಎರಡೂ ಆಯಿತು. ಮೆಲ್ಲಗೆ ಆ ಹೆಸರು ಉಳಿದ ತುಂಡನ್ನು ಬಿಟ್ಟು ಹರಿದು ಕೊಡುವ ಕಾಗದಕ್ಕೇ ಹೋಯಿತು.

ಮೊದಮೊದಲು ಅದನ್ನೂ ಸಿ-ಎಚ್-ಇ-ಸಿ-ಕೆ ಅಂತಲೇ ಬರೆಯುತ್ತಿದ್ದರು. ಖಜಾನೆಯ ಎಕ್ಸ್‌ಚೆಕರ್ ಪದದಲ್ಲಿ ‘ಕ್ಯು’ ಅಕ್ಷರ ಇದೆ. ದುಡ್ಡಿನ ವಿಷಯ ಅಂದಮೇಲೆ ಅದರ ಪ್ರಭಾವ ಇಲ್ಲೂ ಬಿತ್ತು. ಹಾಗಾಗಿ ಬ್ರಿಟನ್ನಿನಲ್ಲಿ ಬ್ಯಾಂಕಿನ ಕಾಗದ ಸಿ-ಎಚ್-ಇ-ಕ್ಯು-ಯು-ಇ ಆಯಿತು. ನಮಗೆ ಬ್ಯಾಂಕಿಂಗ್ ಕಾನೂನು ಬಂದಿದ್ದು ಬ್ರಿಟಿಷರಿಂದ, ಆದ್ದರಿಂದ 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯಲ್ಲಿ ಇರುವುದು ಆ ‘ಕ್ಯು’ ಇರುವ ಚೆಕ್. ಅಮೆರಿಕದವರು ‘ಸಿಕೆ’ಯನ್ನೇ ಉಳಿಸಿಕೊಂಡರು. ಅಮೆರಿಕದ ರೂಪ ತಪ್ಪು ಅಂತ ಶಾಲೆಯಲ್ಲಿ ಕಲಿತವರು ಬಹಳ ಜನ ಇದ್ದಾರೆ. ನಿಜ ಹೇಳಬೇಕು ಅಂದರೆ ಅದೇ ಹಳೆಯದು. ಕನ್ನಡದಲ್ಲಿ ಎರಡನ್ನೂ ‘ಚೆಕ್’ ಅಂತ ಒಂದೇ ಥರ ಬರೆಯುತ್ತೇವೆ. ಪದದ ಚರಿತ್ರೆಗೆ ಇದೂ ಸರಿಯಾಗಿಯೇ ಹೊಂದುತ್ತದೆ.

ಆ ಹಳೆಯ ತಾಳೆ ನೋಡುವ ಕೆಲಸ ಈಗಲೂ ಇದೆ, ರೂಪ ಬದಲಾಗಿದೆ ಅಷ್ಟೇ. 2021ರ ಜನವರಿ 1ರಿಂದ ‘ಪಾಸಿಟಿವ್ ಪೇ’ ಅನ್ನುವ ವ್ಯವಸ್ಥೆ ಬಂದಿದೆ. 50,000 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ಮೊತ್ತದ ಚೆಕ್ ಕೊಟ್ಟರೆ ಅದರ ನಂಬರು, ತಾರೀಕು, ಯಾರಿಗೆ, ಎಷ್ಟು ಅನ್ನುವುದನ್ನು ಮೊದಲೇ ಆ್ಯಪಿನಲ್ಲೋ ನೆಟ್‌ಬ್ಯಾಂಕಿಂಗಿನಲ್ಲೋ ಬ್ಯಾಂಕಿಗೆ ತಿಳಿಸಬಹುದು. ಚೆಕ್ ಬಂದಾಗ ಬ್ಯಾಂಕು ಎರಡನ್ನೂ ಹೋಲಿಸುತ್ತದೆ. ದೊಡ್ಡ ಮೊತ್ತದ ಚೆಕ್ ಬರೆಯುವವರು ಇದನ್ನು ಬಿಡದೆ ಮಾಡಬೇಕು ಅನ್ನುವುದು ನನ್ನ ಅನಿಸಿಕೆ.

ಇನ್ನು ಚೆಕ್ ಬೌನ್ಸ್. ಖಾತೆಯಲ್ಲಿ ದುಡ್ಡು ಸಾಲದೆ ಚೆಕ್ ವಾಪಸ್ ಬಂದರೆ ಅದು ಬರೀ ಬ್ಯಾಂಕಿನ ದಂಡದಲ್ಲಿ ಮುಗಿಯುವುದಿಲ್ಲ. ಸಾಲ ತೀರಿಸಲು ಕೊಟ್ಟ ಚೆಕ್ ಆಗಿದ್ದರೆ ಮೇಲೆ ಹೇಳಿದ ಕಾಯ್ದೆಯ 138ನೇ ಕಲಂ ಪ್ರಕಾರ ಅಪರಾಧ. ಈ ಕಲಂ ಕಾಯ್ದೆಗೆ ಸೇರಿದ್ದು 1988ರ ತಿದ್ದುಪಡಿಯಲ್ಲಿ. ದುಡ್ಡು ಬರಬೇಕಾದವರು 30 ದಿನದೊಳಗೆ ನೋಟಿಸ್ ಕೊಡಬೇಕು, ನೋಟಿಸ್ ಸಿಕ್ಕಿದ 15 ದಿನದೊಳಗೆ ಚೆಕ್ ಕೊಟ್ಟವರು ದುಡ್ಡು ಕಟ್ಟಬಹುದು. ಕಟ್ಟದಿದ್ದರೆ ಕೋರ್ಟು. ಶಿಕ್ಷೆ ಎರಡು ವರ್ಷದವರೆಗೆ ಜೈಲು, ಅಥವಾ ಚೆಕ್ ಮೊತ್ತದ ಎರಡು ಪಟ್ಟಿನವರೆಗೆ ದಂಡ, ಅಥವಾ ಎರಡೂ. ಹಾಗೇ, ಚೆಕ್ಕಿನ ಆಯಸ್ಸು ಅದರ ಮೇಲಿನ ತಾರೀಕಿನಿಂದ ಮೂರು ತಿಂಗಳು. 2012ಕ್ಕೆ ಮುಂಚೆ ಆರು ತಿಂಗಳಿತ್ತು, ಕೆಲವರು ಇನ್ನೂ ಆ ಲೆಕ್ಕದಲ್ಲೇ ಇರುತ್ತಾರೆ.

ಅಮೆರಿಕದಲ್ಲಿ ಇನ್ನೊಂದಷ್ಟು

ಅಲ್ಲಿಗೆ ಹೊಸದಾಗಿ ಹೋದ ನಮ್ಮವರಿಗೆ ಈ ಪದ ಸ್ವಲ್ಪ ಗಲಿಬಿಲಿ ಮಾಡುತ್ತದೆ. ಹೋಟೆಲಿನಲ್ಲಿ ಊಟ ಮುಗಿಸಿ ಬಿಲ್ ಕೇಳುವಾಗ ಅಲ್ಲಿ ‘ಚೆಕ್’ ಕೇಳಬೇಕು. ಅಲ್ಲಿ ‘ಬಿಲ್’ ಅಂದರೆ ಡಾಲರ್ ನೋಟು ಕೂಡ ಹೌದು. ಅಂದರೆ ಬಿಲ್ ಕೊಟ್ಟು ಚೆಕ್ ತೀರಿಸುತ್ತಾರೆ, ನಮ್ಮಲ್ಲಿ ಚೆಕ್ ಕೊಟ್ಟು ಬಿಲ್ ತೀರಿಸುತ್ತೇವೆ. ಯಾರಾದರೂ ಮನೆಗೆ ಕರೆದಾಗ ‘ರೇನ್ ಚೆಕ್’ ತೆಗೆದುಕೊಳ್ಳುತ್ತೇನೆ ಅಂದರೆ, ಈಗ ಆಗಲ್ಲ, ಇನ್ನೊಂದು ದಿನ ಖಂಡಿತ ಬರುತ್ತೇನೆ ಅಂತ ಅರ್ಥ. ಇದು ಬೇಸ್‌ಬಾಲ್ ಮೈದಾನದಿಂದ ಬಂದ ಮಾತು. 1880ರ ದಶಕದಲ್ಲಿ ಮಳೆಯಿಂದ ಪಂದ್ಯ ನಿಂತರೆ ಪ್ರೇಕ್ಷಕರ ಕೈಯಲ್ಲಿದ್ದ ಚೀಟಿ ಮುಂದಿನ ಪಂದ್ಯಕ್ಕೆ ನಡೆಯುತ್ತಿತ್ತು. ಆ ಚೀಟಿಯೇ ರೇನ್ ಚೆಕ್.

ನೆಂಟರಲ್ಲದವರು

ಒಂದಿಷ್ಟು ಪದಗಳು ಈ ಮನೆತನದವು ಅನ್ನಿಸುತ್ತವೆ, ಆದರೆ ಅಲ್ಲ. ಯುರೋಪಿನ ಚೆಕ್ ಗಣರಾಜ್ಯವನ್ನು ಕನ್ನಡದಲ್ಲಿ ಇದೇ ಅಕ್ಷರಗಳಲ್ಲಿ ಬರೆಯುತ್ತೇವೆ. ಅದು ಆ ಜನರ ಸ್ಲಾವಿಕ್ ಹೆಸರು, ಶಾಹನಿಗೂ ಅದಕ್ಕೂ ಸಂಬಂಧ ಇಲ್ಲ.

ಇನ್ನೊಂದು ನಮ್ಮ ‘ಚೌಕ’. ಚೆಕ್ ಅಂದರೂ ಚೌಕಳಿ, ಸದ್ದೂ ಹತ್ತಿರ ಹತ್ತಿರ, ಹಾಗಾಗಿ ಒಂದೇ ಇರಬೇಕು ಅನ್ನಿಸುತ್ತದೆ ಅಲ್ವಾ? ಚೌಕ ಬಂದಿದ್ದು ಸಂಸ್ಕೃತದ ‘ಚತುಷ್ಕ’ದಿಂದ, ಅಂದರೆ ನಾಲ್ಕರ ಗುಂಪು. ಮೈಸೂರು ಕಡೆ ಆಡುವ ಚೌಕಾಬಾರದ ಚೌಕವೂ ಅದೇ. ಅದರೊಳಗಿನ ‘ಚತುಸ್’ ಮತ್ತು ಚತುರಂಗದ ‘ಚತುರ್’ ಒಂದೇ. ಅಂದರೆ ಚೌಕ ನೆಂಟನಾಗಿರುವುದು ಚೆಕ್ಕಿಗಲ್ಲ, ಚದುರಂಗ ಅನ್ನುವ ಹೆಸರಿಗೆ. ಮಣೆಯಾಟಗಳೆಂದರೆ ಪ್ರಾಣ ಅನ್ನುತ್ತಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರು 19ನೇ ಶತಮಾನದಲ್ಲಿ ಮೈಸೂರಿನ ಅರಮನೆಯಲ್ಲಿ ಚದುರಂಗದ ಕುದುರೆಯನ್ನು ಅದರ ನಡೆಯಲ್ಲೇ 64 ಮನೆಗಳಿಗೂ ಒಂದೊಂದು ಸಲ ಹಾಯಿಸುವ ಒಗಟುಗಳನ್ನು ರಚಿಸಿದ್ದರು. ಆ ಒಗಟಿನಲ್ಲಿ ಕುದುರೆ ಒಂದೇ ಇರುತ್ತದೆ, ರಾಜನೇ ಇರುವುದಿಲ್ಲ, ಹಾಗಾಗಿ ಚೆಕ್ ಕೊಡುವ ಮಾತೂ ಬರುವುದಿಲ್ಲ.